ಶಕ್ತಿ ಮರಳುವಾಗ ಕೆರಳುವ ಕ್ಷಯ

ಕ್ಷಯರೋಗದ ಔಷಧದಿಂದ ಚೇತರಿಸಿಕೊಳ್ಳುತ್ತಿರುವ ಕೆಲವು ಎಚ್‌ಐವಿ ಸೋಂಕಿತರಲ್ಲಿ, ವೈರಾಣುವನ್ನು ಹತೋಟಿಯಲ್ಲಿಡುವ ಎಆರ್‌ಟಿ ಔಷಧಗಳನ್ನು ಆರಂಭಿಸಿದ ಕೆಲವೇ ವಾರಗಳಲ್ಲಿ ಜ್ವರ ಮರುಕಳಿಸುತ್ತದೆ, ಕತ್ತಿನ ಗಡ್ಡೆಗಳು ಊದಿಕೊಳ್ಳುತ್ತವೆ, ಎದೆಯ ಎಕ್ಸ್‌ರೇಯಲ್ಲಿ ಕಲೆಗಳು ಹೆಚ್ಚುತ್ತವೆ. ಚಿಕಿತ್ಸೆ ವಿಫಲವಾಯಿತೆಂಬ ಶಂಕೆ ಮೂಡಿಸುವ ಈ ಸ್ಥಿತಿಗೆ ಚಿಕಿತ್ಸೆಯ ಯಶಸ್ಸೇ ಕಾರಣವಾಗಿರಬಹುದೆಂಬ ತಿಳಿವಳಿಕೆ ಹಂತಹಂತವಾಗಿ ರೂಪುಗೊಂಡಿತು.

ಎಚ್‌ಐವಿ ಮುಖ್ಯವಾಗಿ ನಾಶಪಡಿಸುವುದು ರೋಗನಿರೋಧಕ ವ್ಯವಸ್ಥೆಯನ್ನು ಮುನ್ನಡೆಸುವ ಸಿಡಿ4 ಎಂಬ ಬಿಳಿ ರಕ್ತಕಣಗಳನ್ನು. ಇವು ಕ್ಷೀಣಿಸಿದಾಗ ಕ್ಷಯದ ಬ್ಯಾಕ್ಟೀರಿಯಾ ದೇಹವಿಡೀ ಹರಡಿದ್ದರೂ ಪ್ರತಿರೋಧ ಮಂದವಾಗಿರುತ್ತದೆ. ಎಆರ್‌ಟಿಯಿಂದ ಈ ಕಣಗಳು ಮತ್ತೆ ಹೆಚ್ಚತೊಡಗಿದಾಗ, ಸತ್ತ ಬ್ಯಾಕ್ಟೀರಿಯಾಗಳ ಅವಶೇಷಗಳ ವಿರುದ್ಧವೂ ದೇಹ ಮಿತಿಮೀರಿ ಸೆಣಸುವುದರಿಂದ ಉರಿಯೂತ ಭುಗಿಲೇಳುತ್ತದೆ. ವೈದ್ಯರು ಇದನ್ನು ಚಿಕ್ಕದಾಗಿ ‘ಐರಿಸ್’ ಎನ್ನುತ್ತಾರೆ.

ಎಚ್‌ಐವಿ ಇಲ್ಲದ ಕ್ಷಯರೋಗಿಗಳಲ್ಲಿಯೂ ಚಿಕಿತ್ಸೆಯ ನಡುವೆ ರೋಗ ತಾತ್ಕಾಲಿಕವಾಗಿ ಉಲ್ಬಣಿಸುವುದನ್ನು ವೈದ್ಯರು ಮೊದಲೇ ಕಂಡಿದ್ದರಾದರೂ, 1996ರ ಸುಮಾರಿಗೆ ಹಲವು ಔಷಧಗಳ ಸಂಯುಕ್ತ ಎಆರ್‌ಟಿ ಬಳಕೆಗೆ ಬಂದ ಮೇಲೆ ಇದರ ಪ್ರಮಾಣ ಎದ್ದುಕಂಡಿತು. ಎರಡೂ ಚಿಕಿತ್ಸೆಗಳನ್ನು ಪಡೆಯುತ್ತಿದ್ದ 33 ಮಂದಿಯಲ್ಲಿ 12 ಮಂದಿಗೆ ಹೀಗಾದುದನ್ನು ಅಮೆರಿಕದ ಮಯಾಮಿಯ ವೈದ್ಯರು 1998ರಲ್ಲಿ ವರದಿ ಮಾಡಿದರು. ಉಚಿತ ಎಆರ್‌ಟಿ ಯೋಜನೆಗಳು ಹಿಂದುಳಿದ ದೇಶಗಳಿಗೂ ವಿಸ್ತರಿಸಿದಂತೆ, ದುಬಾರಿ ಪರೀಕ್ಷೆಗಳಿಲ್ಲದ ಆಸ್ಪತ್ರೆಗಳಲ್ಲಿಯೂ ಇದನ್ನು ಗುರುತಿಸಬಲ್ಲ ಮಾನದಂಡಗಳು ಬೇಕಾದವು. ಅವು 2008ರಲ್ಲಿ ಪ್ರಕಟವಾದವು. ಭಾರತದಲ್ಲಿ ಉಚಿತ ಎಆರ್‌ಟಿ 2004ರ ಏಪ್ರಿಲ್ 1ರಂದು, ಕರ್ನಾಟಕವೂ ಸೇರಿದಂತೆ ಸೋಂಕು ಹೆಚ್ಚಿದ್ದ ರಾಜ್ಯಗಳಲ್ಲಿ ಆರಂಭವಾಗಿತ್ತು.

ಉಳಿದದ್ದು ಸಮಯದ ಪ್ರಶ್ನೆ: ಎಆರ್‌ಟಿ ಬೇಗ ಕೊಟ್ಟರೆ ಐರಿಸ್ ಹೆಚ್ಚುತ್ತದೆ, ತಡಮಾಡಿದರೆ ಏಡ್ಸ್ ಬಲಿ ಪಡೆಯುತ್ತದೆ. ಕಾಂಬೋಡಿಯದಲ್ಲಿ ಸಿಡಿ4 ಸಂಖ್ಯೆ 200 ಮೀರದ 661 ಮಂದಿಯ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವು, ಕ್ಷಯದ ಔಷಧ ಆರಂಭಿಸಿದ ಎಂಟು ವಾರಗಳ ಬದಲು ಎರಡೇ ವಾರಗಳಲ್ಲಿ ಎಆರ್‌ಟಿ ಕೊಟ್ಟಾಗ ಐರಿಸ್ ಹೆಚ್ಚಿದರೂ ಸಾವಿನ ಅಪಾಯ ಸುಮಾರು ಮೂರನೇ ಒಂದರಷ್ಟು ತಗ್ಗಿತೆಂದು ತೋರಿಸಿತು. ಮಿದುಳು ಪೊರೆಯ ಕ್ಷಯ ಮಾತ್ರ ಇದಕ್ಕೆ ಅಪವಾದ. ತಲೆಬುರುಡೆಯೊಳಗಿನ ಉರಿಯೂತ ಪ್ರಾಣಾಂತಿಕವಾಗಬಲ್ಲದಾದ್ದರಿಂದ ಅಂಥವರಿಗೆ ಎಆರ್‌ಟಿಯನ್ನು ಕೆಲವು ವಾರ ಮುಂದೂಡಲಾಗುತ್ತದೆ. ಉರಿಯೂತ ಶಮನಕ್ಕೆ ಪ್ರೆಡ್ನಿಸೋನ್ ಎಂಬ ಸ್ಟಿರಾಯ್ಡ್ ನೆರವಾಗುವುದನ್ನು ದಕ್ಷಿಣ ಆಫ್ರಿಕದ ಕೇಪ್‌ಟೌನ್‌ನ ಪ್ರಯೋಗಗಳು ದೃಢಪಡಿಸಿದವು. ಆದರೆ ಔಷಧಕ್ಕೆ ಬಗ್ಗದ ಕ್ಷಯವೇ ಜ್ವರಕ್ಕೆ ಕಾರಣವಲ್ಲವೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕಾಗುತ್ತದೆ.

ಆದುದರಿಂದ ಚಿಕಿತ್ಸೆಯ ನಡುವೆ ಜ್ವರ ಮರಳಿದವರು ಗಾಬರಿಯಿಂದ ಎರಡರಲ್ಲಿ ಯಾವ ಔಷಧವನ್ನೂ ತಾವಾಗಿ ನಿಲ್ಲಿಸದೆ, ತಡಮಾಡದೆ ಎಆರ್‌ಟಿ ಕೇಂದ್ರದ ವೈದ್ಯರನ್ನು ಕಾಣಬೇಕು.