ಆಟಗಾರರು ಮಾತಿಗೆ ಕುಳಿತಾಗ

ಒಂದು ಕಾಲಕ್ಕೆ ಬಾನುಲಿ ಕಾರ್ಯಕ್ರಮವೆಂದರೆ ದೊಡ್ಡ ಕಟ್ಟಡ, ಎತ್ತರದ ಪ್ರಸಾರ ಗೋಪುರ, ಸರ್ಕಾರದ ಪರವಾನಗಿ ಎಲ್ಲವೂ ಬೇಕಾಗಿತ್ತು. ಇಂದು ಜಯನಗರದ ಒಂದು ಮನೆಯ ಮಹಡಿಯಲ್ಲೋ ಬಿ.ಟಿ.ಎಂ. ಬಡಾವಣೆಯ ಹಾಸ್ಟೆಲ್ ಕೋಣೆಯಲ್ಲೋ ಕುಳಿತ ಇಬ್ಬರು ಗೆಳೆಯರು ಒಂದು ಮೊಬೈಲ್ ಫೋನ್, ಎರಡು ಮೈಕ್ ಇಟ್ಟುಕೊಂಡು ಕಾರ್ಯಕ್ರಮ ತಯಾರಿಸಿ ಜಗತ್ತಿಗೇ ಕೇಳಿಸಬಲ್ಲರು. ಇದೇ ಪಾಡ್‌ಕಾಸ್ಟ್. ಐಪಾಡ್ ಮತ್ತು ಬ್ರಾಡ್‌ಕಾಸ್ಟ್ ಎಂಬ ಎರಡು ಪದಗಳು ಕೂಡಿ 2004ರಲ್ಲಿ ಹುಟ್ಟಿದ ಹೆಸರಿದು. ಐಪಾಡ್ ತಯಾರಿಕೆ 2022ರಲ್ಲಿ ನಿಂತೇಹೋಯಿತು, ಹೆಸರು ಮಾತ್ರ ಉಳಿಯಿತು.

ಕಾಲೇಜು ವಿದ್ಯಾರ್ಥಿಗಳು ಇಂಥ ಕಾರ್ಯಕ್ರಮಕ್ಕೆ ಹಾಕಿ ಆಟಗಾರರನ್ನು ಕರೆಯಹೊರಟರೆ ಒಂದು ತೊಡಕು ಎದುರಾಗುತ್ತದೆ. ಒಲಿಂಪಿಕ್ಸ್ ಆಡಿ ಬಂದವರೇ ಎದುರಿಗೆ ಕುಳಿತಿದ್ದರೂ ಹತ್ತೇ ನಿಮಿಷದಲ್ಲಿ ಮಾತು ಸಪ್ಪೆಯಾಗುತ್ತದೆ. ಅದೇ ಆಟಗಾರರು ಮೈಕ್ ಆರಿಸಿದ ಮೇಲೆ, ಕಾಫಿ ಲೋಟ ಕೈಯಲ್ಲಿ ಹಿಡಿದು ಹೇಳುವ ಕಥೆಗಳಿಗೆ ಎಲ್ಲರೂ ಹೊಟ್ಟೆ ಹಿಡಿದು ನಗುತ್ತಾರೆ. ನಮ್ಮ ದೂರದರ್ಶನದ ಸ್ಟುಡಿಯೋಗಳಲ್ಲಿಯೂ ಇದು ನಿತ್ಯದ ಅನುಭವ. ಆಟಗಾರ ಒಬ್ಬನೇ, ನಾಲಿಗೆಯೂ ಒಂದೇ. ಹಾಗಾದರೆ ಬದಲಾದದ್ದು ಏನು?

ಬದಲಾದದ್ದು ಪ್ರಶ್ನೆ. "ಆ ಪಂದ್ಯ ಗೆದ್ದಾಗ ನಿಮಗೆ ಹೇಗನ್ನಿಸಿತು ಸಾರ್?" ಎಂದು ಕೇಳಿ ನೋಡಿ. "ತುಂಬಾ ಸಂತೋಷವಾಯಿತು, ಇದು ಇಡೀ ತಂಡದ ಶ್ರಮ" ಎಂಬ ಉತ್ತರ ಬರುತ್ತದೆ. ಪಾಪ, ಅವರಾದರೂ ಇನ್ನೇನು ಹೇಳಿಯಾರು? ಗೆದ್ದವನಿಗೆ ದುಃಖವಾಗುತ್ತದೆಯೇ? ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಯನ್ನು ಕೇಳಿದ್ದು ನಾವು. ಕಾಫಿ ಕುಡಿಯುವಾಗ ಯಾರೂ ಹಾಗೆ ಕೇಳುವುದಿಲ್ಲ. "ಅಲ್ಲ ಸಾರ್, ಆ ಚೆಂಡು ನಿಮಗೆ ಕಾಣಿಸಿತಾ?" ಎಂದು ಕೇಳುತ್ತಾರೆ. ಅಲ್ಲಿಂದ ಕಥೆ ಶುರು.

ಈ ಮಾತನ್ನು ಒಂದು ನಿಜ ಪ್ರಸಂಗದಿಂದಲೇ ನೋಡೋಣ. 1998ರ ಡಿಸೆಂಬರ್, ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಹಾಕಿ ಫೈನಲ್. ಭಾರತ ಮತ್ತು ದಕ್ಷಿಣ ಕೊರಿಯಾ 1–1ರ ಸಮಬಲದಲ್ಲಿದ್ದು, ನಿರ್ಣಯ ಪೆನಾಲ್ಟಿ ಸ್ಟ್ರೋಕ್‌ಗಳಿಗೆ ಬಿತ್ತು. ಭಾರತದ ಗೋಲು ಕಾಯುತ್ತಿದ್ದವರು ಬೆಂಗಳೂರಿನ ಹಾಕಿ ವಲಯಕ್ಕೆ ಚಿರಪರಿಚಿತರಾದ ಆಶಿಶ್ ಬಲ್ಲಾಳ್. ಅವರು ಎರಡು ಸ್ಟ್ರೋಕ್‌ಗಳನ್ನು ತಡೆದರು. ಭಾರತ 4–2ರಿಂದ ಗೆದ್ದಿತು. ಏಷ್ಯನ್ ಕ್ರೀಡಾಕೂಟದ ಹಾಕಿ ಸುವರ್ಣ ನಮಗೆ ದೊರೆತದ್ದು 1966ರ ನಂತರ, ಅಂದರೆ 32 ವರ್ಷಗಳ ಮೇಲೆ.

ಈಗ ಸ್ವಲ್ಪ ಗಣಿತ. ಪೆನಾಲ್ಟಿ ಸ್ಟ್ರೋಕ್ ಹೊಡೆಯುವುದು ಗೋಲಿನಿಂದ 6.40 ಮೀಟರ್ ದೂರದಿಂದ. ಚೆಂಡು ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಬಂದಿತೆನ್ನಿ. ಅದು ಸೆಕೆಂಡಿಗೆ 25 ಮೀಟರ್. ಗೋಲು ತಲುಪಲು ಬೇಕಾದ ಕಾಲ ಸುಮಾರು ಕಾಲು ಸೆಕೆಂಡ್. ಕಣ್ಣು ಕಂಡದ್ದಕ್ಕೆ ಕೈ ಪ್ರತಿಕ್ರಿಯಿಸಲು ಮನುಷ್ಯನಿಗೆ ಸುಮಾರು 0.2 ಸೆಕೆಂಡ್ ಬೇಕು. ಮಿಕ್ಕದ್ದು 0.05 ಸೆಕೆಂಡ್. ಅಷ್ಟರಲ್ಲಿ 3.66 ಮೀಟರ್ ಅಗಲ, 2.14 ಮೀಟರ್ ಎತ್ತರದ ಗೋಲಿನ ಯಾವುದೋ ಮೂಲೆಗೆ ಕೈಯನ್ನೋ ಕಾಲನ್ನೋ ಚಾಚಬೇಕು. ಸಾಲದ್ದಕ್ಕೆ, ಚೆಂಡಿಗೆ ಕೋಲು ತಗಲುವವರೆಗೆ ಗೋಲ್‌ಕೀಪರ್ ಪಾದ ಕದಲಿಸುವಂತಿಲ್ಲವೆಂಬ ನಿಯಮ ಬೇರೆ. ಲೆಕ್ಕದ ಪ್ರಕಾರ ಸ್ಟ್ರೋಕ್ ತಡೆಯುವುದು ಸಾಧ್ಯವೇ ಇಲ್ಲವೇನೋ ಅನ್ನಿಸುತ್ತದೆ! ಆದರೂ ತಡೆಯುತ್ತಾರೆ.

ಹಾಗಿದ್ದರೆ ಚೆಂಡು ಹೊರಡುವ ಮೊದಲೇ ಅವರು ಏನನ್ನೋ ಓದಿರಬೇಕು. ಎದುರಾಳಿಯ ಭುಜವನ್ನೋ, ಕೋಲಿನ ಬಾಗುವನ್ನೋ, ಕಣ್ಣನ್ನೋ? ಎರಡು ತಿಂಗಳ ಹಿಂದಿನ ಯಾವುದೋ ಪಂದ್ಯದಲ್ಲಿ ಅವನು ಯಾವ ಮೂಲೆಗೆ ಹೊಡೆದಿದ್ದನೆಂಬ ನೆನಪನ್ನೋ? ಇದು ಕ್ಯಾಮೆರಾಕ್ಕೆ ಸಿಕ್ಕುವ ಸಂಗತಿಯಲ್ಲ. ಆ ಕಾಲು ಸೆಕೆಂಡಿನೊಳಗೆ ಇದ್ದವರು ಒಬ್ಬರೇ, ಅವರೇ ಹೇಳಬೇಕು. ಸಂದರ್ಶನ ರಂಜಿಸುವುದು ಇಂಥ ಕಡೆ. ಆಟಗಾರನಿಗೆ ಮಾತ್ರ ಕಂಡದ್ದು ಕೇಳುಗನಿಗೂ ಕಾಣಬೇಕು. ನಗೆ ಬಂದರೆ ಅದು ಬೋನಸ್.

ಸಂದರ್ಶನಕ್ಕೆ ಹೋಗುವ ಮುನ್ನ ಲೆಕ್ಕ, ನಿಯಮ, ದಿನಾಂಕಗಳನ್ನು ಓದಿಕೊಳ್ಳಬೇಕು ಎಂದು ನಾವು ಹೇಳುವುದು ಇದಕ್ಕೇ. ಓದಿಕೊಂಡದ್ದನ್ನು ಪ್ರದರ್ಶಿಸಲು ಅಲ್ಲ, ಯಾವ ಬಾಗಿಲು ತಟ್ಟಬೇಕೆಂದು ತಿಳಿಯಲು. ಪೆನಾಲ್ಟಿ ಕಾರ್ನರ್ ಉದಾಹರಣೆ ತೆಗೆದುಕೊಳ್ಳಿ. ಗೋಲ್‌ಕೀಪರ್ ಸೇರಿ ಐದೇ ಜನ ರಕ್ಷಣೆಗೆ ನಿಲ್ಲುತ್ತಾರೆ. ಅವರಲ್ಲೊಬ್ಬ ಮುಖವಾಡ ಧರಿಸಿ, ಚೆಂಡು ಚಿಮ್ಮಿಸುವವನ ಎದುರಿಗೇ ಓಡಬೇಕು. ಎದುರಿಗಿರುವವರು ಕೊಡಗಿನ ವಿ.ಆರ್. ರಘುನಾಥ್ ಅವರಂಥ ಡ್ರ್ಯಾಗ್‌ಫ್ಲಿಕ್ ನಿಪುಣರಾಗಿದ್ದರೆ ಆ ಓಟ ಹೇಗಿರಬಹುದು ಊಹಿಸಿ! ರಘುನಾಥ್ 2012 ಮತ್ತು 2016ರ ಒಲಿಂಪಿಕ್ಸ್‌ಗಳಲ್ಲಿ ಭಾರತಕ್ಕೆ ಆಡಿದವರು. "ಭಯವಾಗುವುದಿಲ್ಲವೇ?" ಎಂದರೆ "ಇಲ್ಲ" ಎಂಬ ಒಂದು ಪದ ಬಂದೀತು. "ಮುಖವಾಡ ಕಟ್ಟಿಕೊಳ್ಳುವಾಗ ಪಕ್ಕದವರು ಏನಾದರೂ ಹೇಳುತ್ತಾರೆಯೇ?" ಎಂದು ಕೇಳಿ, ಸುಮ್ಮನೆ ಕುಳಿತುಕೊಳ್ಳಿ.

ಈ ಸುಮ್ಮನೆ ಕುಳಿತುಕೊಳ್ಳುವುದೇ ಕಷ್ಟ. ಹತ್ತು ಭಾಷೆಗಳ ಸಂಭಾಷಣೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಶುರುವಾಗುವುದರ ನಡುವಿನ ಅಂತರ ಸರಾಸರಿ 0.2 ಸೆಕೆಂಡ್ ಎಂದು ಕಂಡುಬಂದಿತು. ಅಷ್ಟು ವೇಗವಾಗಿ ಬರುವ ಉತ್ತರ ನಾಲಿಗೆಯ ತುದಿಯಲ್ಲೇ ಇದ್ದದ್ದು, ನೂರು ಸಲ ಹೇಳಿದ್ದು. ಅದು ಮುಗಿದ ಮೇಲೆ ಮನಸ್ಸಿನಲ್ಲೇ ಮೂರು ಎಣಿಸಿ. ಎದುರಿನವರು ಕೈ ಉಜ್ಜಿಕೊಳ್ಳುತ್ತಾರೆ, ಒಮ್ಮೆ ಮೇಲೆ ನೋಡುತ್ತಾರೆ, "ನಿಜ ಹೇಳಬೇಕೆಂದರೆ..." ಎನ್ನುತ್ತಾರೆ. ಸಂಕಲನ ಮಾಡುವಾಗ ಆ ಮೌನವನ್ನು ಕತ್ತರಿಸಬೇಡಿ. ಅದು ಕೇಳುಗನನ್ನೂ ಕಾಯಿಸುತ್ತದೆ.

ಕೆನಡಾ ಮತ್ತು ಅಮೆರಿಕದಲ್ಲಿ ಹಾಕಿ ಎಂದರೆ ಮಂಜುಗಡ್ಡೆಯ ಮೇಲಿನ ಐಸ್ ಹಾಕಿ. ಅಲ್ಲಿ 2016ರಲ್ಲಿ ಆರಂಭವಾದ 'ಸ್ಪಿಟಿನ್ ಚಿಕ್ಲೆಟ್ಸ್' ಎಂಬ ಪಾಡ್‌ಕಾಸ್ಟ್ ಬಹಳ ಜನಪ್ರಿಯವಾಗಿದೆ. ಅದರ ನಿರೂಪಕರಲ್ಲಿ ರಯಾನ್ ವಿಟ್ನಿ ಮತ್ತು ಪಾಲ್ ಬಿಸನೆಟ್ ತಾವೇ ಹಿಂದೆ ದೊಡ್ಡ ಲೀಗಿನಲ್ಲಿ ಆಡಿದವರು. ಅತಿಥಿ ಬಂದ ಕೂಡಲೇ ಹಳೆಯ ಬಸ್ ಪ್ರಯಾಣ, ಕೋಣೆ ಹಂಚಿಕೊಂಡವನ ಗೊರಕೆ, ತರಬೇತುದಾರನ ಬೈಗುಳಗಳಂಥ ಸಂಗತಿಗಳು ತಾವಾಗಿಯೇ ಹೊರಬರುತ್ತವೆ. ಆಟಗಾರನ ಮುಂದೆ ಆಟಗಾರ ಕುಳಿತಾಗ ಬಿಂಕ ಸಡಿಲವಾಗುವುದು ಸಹಜ. ಆದರೆ ಇದರಲ್ಲಿ ಒಂದು ಅಪಾಯವೂ ಇದೆ. ಒಳಗಿನವರಿಗಷ್ಟೇ ಅರ್ಥವಾಗುವ ನಗೆ ಹೊರಗಿನವರಿಗೆ ಗದ್ದಲವಾಗಿ ಕೇಳಿಸುತ್ತದೆ. ಅಲ್ಲಿಲ್ಲದ ಮೂರನೆಯವರನ್ನು ಗೇಲಿ ಮಾಡಿ ನಗಿಸುವುದು ಇನ್ನೂ ಕೆಟ್ಟದ್ದು. ನನ್ನ ಮಟ್ಟಿಗೆ, ಆಟಗಾರ ತನ್ನನ್ನೇ ನೋಡಿ ನಗುವ ಕಥೆಯೇ ಮೇಲು.

ನೀವು ಒಲಿಂಪಿಕ್ಸ್ ಆಡಿಲ್ಲ, ನಿಜ. ಆದರೆ ನಮ್ಮ ನಾಡಿನಲ್ಲಿ ಮಾತಿನ ಬಿಂಕ ಸಡಿಲಿಸಲು ಬೇರೆ ದಾರಿಗಳಿವೆ. ಕೊಡಗು ನಮಗೆ ಎಂಥೆಂಥ ಆಟಗಾರರನ್ನು ಕೊಟ್ಟಿದೆ! 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಕಂಚು ಗೆದ್ದ ತಂಡದಲ್ಲಿದ್ದು, ಮರುವರ್ಷ ವಿಶ್ವಕಪ್‌ನಲ್ಲಿ ಭಾರತದ ನಾಯಕರಾದ ಎಂ.ಪಿ. ಗಣೇಶ್, 1975ರ ವಿಶ್ವಕಪ್ ಗೆದ್ದ ತಂಡದ ಬಿ.ಪಿ. ಗೋವಿಂದ, 1980ರ ಮಾಸ್ಕೋ ಸುವರ್ಣ ತಂಡದ ಎಂ.ಎಂ. ಸೋಮಯ್ಯ ಅಲ್ಲಿನವರು. ಅಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರ ಪ್ರಯತ್ನದಿಂದ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ಹಾಕಿ ಉತ್ಸವ ಆರಂಭವಾಯಿತು. ಮೊದಲ ವರ್ಷ 60 ತಂಡ. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಉತ್ಸವದಲ್ಲಿ 360 ತಂಡ. ಪ್ರತಿ ತಂಡವೂ ಒಂದು ಒಕ್ಕ, ಅಂದರೆ ಒಂದೇ ಮನೆತನ. ಅಜ್ಜನೂ ಮೊಮ್ಮಗನೂ ಅತ್ತಿಗೆಯೂ ಒಂದೇ ಜೆರ್ಸಿ ತೊಟ್ಟು ಇಳಿಯಬಹುದು. ಭಾರತಕ್ಕೆ ಆಡಿದ ಆಟಗಾರನೊಬ್ಬ ಅಲ್ಲಿ ಚಿಕ್ಕಪ್ಪನಿಗೆ ಪಾಸ್ ಕೊಡದಿದ್ದರೆ ಮನೆಗೆ ಹೋದ ಮೇಲೆ ಏನಾಗುತ್ತದೆ? ಕೇಳಿ ನೋಡಿ. ಪದಕದ ಬಗ್ಗೆ ಎರಡು ವಾಕ್ಯ ಹೇಳಿದವರು ಇದರ ಬಗ್ಗೆ ಇಪ್ಪತ್ತು ನಿಮಿಷ ಹೇಳಿಯಾರು.

ಭಾಷೆಯ ವಿಷಯವೂ ಹೀಗೆಯೇ. ಅತಿಥಿಯ ಮನೆಮಾತು ಕೊಡವ ತಕ್ಕ್ ಇರಬಹುದು, ತುಳು, ತಮಿಳು ಅಥವಾ ಇಂಗ್ಲಿಷ್ ಇರಬಹುದು. ಕಾರ್ಯಕ್ರಮ ಕನ್ನಡದ್ದೆಂದು ಅವರ ಒಂದೊಂದು ಪದವನ್ನೂ ತಿದ್ದುತ್ತ ಹೋದರೆ ಮಾತು ಕುಂಟುತ್ತದೆ. ತೋಚಿದ ಭಾಷೆಯಲ್ಲಿ ಹೇಳಲಿ. ಅರ್ಥವನ್ನು ನೀವು ಒಂದು ವಾಕ್ಯದಲ್ಲಿ ಕನ್ನಡಕ್ಕೆ ತಂದರಾಯಿತು. "ಮೈದಾನದಲ್ಲಿ ಚೆಂಡು ಬೇಕಾದಾಗ ಜೊತೆಗಾರನನ್ನು ಯಾವ ಭಾಷೆಯಲ್ಲಿ ಕೂಗುತ್ತಿದ್ದಿರಿ?" ಎಂಬುದು ಒಳ್ಳೆಯ ಪ್ರಶ್ನೆಯೇ.

ಇನ್ನು ಕಹಿ ನೆನಪುಗಳು. ಬ್ಯಾಂಕಾಕಿನಲ್ಲಿ ಸುವರ್ಣ ಗೆದ್ದು ಬಂದ ಸ್ವಲ್ಪ ದಿನಗಳಲ್ಲೇ ನಾಯಕ ಧನರಾಜ್ ಪಿಳ್ಳೈ, ಬಲ್ಲಾಳ್ ಸೇರಿದಂತೆ ಹಲವರು ತಂಡದಿಂದ ಹೊರಬಿದ್ದರು. ಇಂಥದ್ದನ್ನು ಕೇಳಬಾರದೆಂದಲ್ಲ, ಕೇಳದಿದ್ದರೆ ಸಂದರ್ಶನ ಸನ್ಮಾನ ಭಾಷಣವಾದೀತು. ಆದರೆ "ಯಾರು ಕಾರಣ?" ಎಂದು ಚುಚ್ಚುವುದು ಬೇಡ. "ಸುದ್ದಿ ನಿಮಗೆ ಹೇಗೆ ತಿಳಿಯಿತು? ಆಗ ಎಲ್ಲಿದ್ದಿರಿ?" ಎಂದರೆ ಸಾಕು. ಹೇಳಲು ಇಷ್ಟವಿಲ್ಲದಿದ್ದರೆ ಮುಂದಕ್ಕೆ ಸಾಗಿ.

ಇದೆಲ್ಲ ಬರೀ ಮನರಂಜನೆಯ ಮಾತು ಎಂದುಕೊಳ್ಳಬೇಡಿ. 2021ರಲ್ಲಿ ಟೋಕಿಯೋದ ಕಂಚಿನ ಪಂದ್ಯದ ಕೊನೆಯ ಕ್ಷಣಗಳಲ್ಲಿ ಜರ್ಮನಿಯ ಪೆನಾಲ್ಟಿ ಕಾರ್ನರನ್ನು ಪಿ.ಆರ್. ಶ್ರೀಜೇಶ್ ತಡೆದದ್ದನ್ನು ಈಗಲೂ ನೂರು ಸಲ ನೋಡಬಹುದು. 1975ರ ಕ್ವಾಲಾಲಂಪುರದ ಫೈನಲ್ ಹಾಗಲ್ಲ. ಪಾಕಿಸ್ತಾನದ ವಿರುದ್ಧ 2–1ರ ಗೆಲುವು ತಂದ ಅಶೋಕ್ ಕುಮಾರರ ಹೊಡೆತ ಗೋಲುಕಂಬದ ಒಳಮೂಲೆಗೆ ಬಡಿದು ಹೊರಚಿಮ್ಮಿತು. ಅದು ಗೋಲಲ್ಲವೆಂದು ಎದುರಾಳಿಗಳು ವಾದಿಸಿದರು. ನಮ್ಮವರು ಬಹುಪಾಲು ಅದನ್ನು ಅನುಭವಿಸಿದ್ದು ಬಾನುಲಿಯ ವೀಕ್ಷಕ ವಿವರಣೆಯಲ್ಲಿ. ಅಲ್ಲಿ ಆಡಿದವರ ಕಣ್ಣಿನ ಸಾಕ್ಷಿಗೆ ಎಷ್ಟು ಬೆಲೆ! ಅದಕ್ಕೂ ಹಿಂದಕ್ಕೆ ಹೋದರೆ, 1960ರ ದಶಕದಲ್ಲಿ ಬೆಂಗಳೂರಿನ ಎಲ್ವೆರಾ, ರೀಟಾ, ಮೇ ಬ್ರಿಟ್ಟೊ ಎಂಬ ಮೂವರು ಅಕ್ಕತಂಗಿಯರು ಆಗಿನ ಮೈಸೂರು ರಾಜ್ಯದ ತಂಡಕ್ಕೆ ಒಟ್ಟಿಗೆ ಆಡಿದರು. ರಾಷ್ಟ್ರೀಯ ಪ್ರಶಸ್ತಿಯನ್ನು ಏಳು ಬಾರಿ ತಂದರು. ಎಲ್ವೆರಾ ಅವರಿಗೆ 1965ರ ಅರ್ಜುನ ಪ್ರಶಸ್ತಿ ಬಂದಿತು. ಒಬ್ಬಳು ತಪ್ಪು ಪಾಸ್ ಕೊಟ್ಟರೆ ಮನೆಯಲ್ಲಿ ಊಟದ ಹೊತ್ತಿಗೆ ಅದರ ಮಾತು ಬರುತ್ತಿತ್ತೇ? ಎಲ್ವೆರಾ ಅವರನ್ನು ಇನ್ನು ಕೇಳುವಂತಿಲ್ಲ. 2022ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು.

ತಾಂತ್ರಿಕ ವಿಷಯ ಎರಡೇ ಮಾತಿನಲ್ಲಿ ಹೇಳುತ್ತೇನೆ. ಬಾಯಿಗೂ ಮೈಕಿಗೂ ಒಂದು ಗೇಣು ಅಂತರವಿರಲಿ. ಅಂತರ ಇಮ್ಮಡಿಯಾದರೆ ಮೈಕನ್ನು ನೇರವಾಗಿ ತಲುಪುವ ಧ್ವನಿಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ, ಕೋಣೆಯ ಪ್ರತಿಧ್ವನಿ ಮಾತ್ರ ಹಾಗೆಯೇ ಉಳಿದು ಮಾತನ್ನು ಮಸುಕು ಮಾಡುತ್ತದೆ. ಫ್ಯಾನ್ ಆರಿಸಿ, ಕಿಟಕಿಗೆ ದಪ್ಪ ಪರದೆಯನ್ನೋ ಹಾಸಿಗೆಯನ್ನೋ ಒರಗಿಸಿ. ರಿಂಗ್ ರಸ್ತೆಯ ಹಾರನ್ ಅರ್ಧ ಕಡಿಮೆಯಾಗುತ್ತದೆ. ಸಾಧ್ಯವಿದ್ದರೆ ಎದುರುಬದುರು ಕುಳಿತೇ ಮಾತನಾಡಿ. ಅಂತರ್ಜಾಲದ ಕರೆಯಲ್ಲಿ ಧ್ವನಿ ತುಸು ತಡವಾಗಿ ಬರುವುದರಿಂದ ಇಬ್ಬರೂ ಒಟ್ಟಿಗೆ ಬಾಯಿ ತೆರೆಯುತ್ತಾರೆ, ಹಾಸ್ಯ ಅಲ್ಲೇ ಸಾಯುತ್ತದೆ.

ಎದುರುಬದುರು ಕೂರಲು ಅತಿಥಿಗಳನ್ನು ಎಲ್ಲಿ ಹುಡುಕುವುದು? ನಮ್ಮ ದಕ್ಷಿಣ ಬಡಾವಣೆಗಳ ಮೈದಾನಗಳಲ್ಲಿ ಕ್ರಿಕೆಟ್ಟಿನದೇ ದರಬಾರು, ನಿಜ. ಆದರೆ ಜಯನಗರದಿಂದ ಒಂದು ಬಸ್ ಹತ್ತಿ ಶಾಂತಿನಗರದಲ್ಲಿ ಇಳಿದರೆ ಅಕ್ಕಿತಿಮ್ಮನಹಳ್ಳಿಯ ಹಾಕಿ ಕ್ರೀಡಾಂಗಣ ಹತ್ತಿರದಲ್ಲೇ ಇದೆ. ಅದು ಹಿಂದೆ ಕೆರೆಯಾಗಿದ್ದ ಜಾಗ. ಬನಶಂಕರಿಯವರಿಗೆ ಜ್ಞಾನಭಾರತಿಯ ಕ್ರೀಡಾ ಪ್ರಾಧಿಕಾರದ ಕೇಂದ್ರವೂ ದೂರವಲ್ಲ; ಭಾರತ ತಂಡದ ಶಿಬಿರಗಳು ಅಲ್ಲಿ ನಡೆಯುತ್ತ ಬಂದಿವೆ, ಒಳಗೆ ಹೋಗಲು ಮೊದಲೇ ಅನುಮತಿ ಬೇಕು. ಹೆಸರಾಂತರೇ ಸಿಗಬೇಕೆಂದಿಲ್ಲ. ರಾಜ್ಯ ತಂಡಕ್ಕೆ ನಾಲ್ಕು ಪಂದ್ಯ ಆಡಿ, ಬ್ಯಾಂಕಿನಲ್ಲೋ ರೈಲ್ವೆಯಲ್ಲೋ ದುಡಿದು ನಿವೃತ್ತರಾದವರನ್ನು ಯಾರೂ ಕೇಳಿಯೇ ಇರುವುದಿಲ್ಲ, ಆದ್ದರಿಂದ ಅವರ ಉತ್ತರಗಳು ಸವೆದಿರುವುದೂ ಇಲ್ಲ. ಅವರ ಹಳೆಯ ಕೋಲೊಂದು ಮನೆಯ ಅಟ್ಟದಲ್ಲಿ ಇದ್ದರೆ ತರಲು ಹೇಳಿ. ಕೋಲು ಕೈಗೆ ಬಂದ ಕೂಡಲೇ ಕೂತವರು ಎದ್ದು ನಿಂತು ತೋರಿಸತೊಡಗುತ್ತಾರೆ; ಮೈಕನ್ನು ಅಂಗಿಗೆ ಸಿಕ್ಕಿಸಿರುವುದು ಲೇಸು. ಕೊನೆಗೆ ಕಾಫಿ ಬಂದಾಗ ಯಂತ್ರವನ್ನು ಆರಿಸಬೇಡಿ. "ಸಾರ್, ಇನ್ನೂ ರೆಕಾರ್ಡ್ ಆಗ್ತಾ ಇದೆ, ಪರವಾಗಿಲ್ಲವಾ?" ಎಂದು ಕೇಳಿಬಿಡಿ. ಹೆಚ್ಚಿನವರು ಕೈ ಬೀಸಿ, "ಆಗಲಿ ಬಿಡಪ್ಪ" ಎಂದು ಲೋಟ ಎತ್ತಿಕೊಳ್ಳುತ್ತಾರೆ.