ಅಮರಿಲ್ಲಿಸ್ ಗಡ್ಡೆಗೆ ಹೊಸ ಕುಂಡ

ಎರಡು ಮೂರು ವರ್ಷ ತಪ್ಪದೆ ಹೂ ಕೊಟ್ಟ ಅಮರಿಲ್ಲಿಸ್ ಲಿಲ್ಲಿ ಒಂದು ಬೇಸಿಗೆಯಲ್ಲಿ ಬರೀ ಎಲೆ ಬಿಟ್ಟು ಸುಮ್ಮನಾಗುತ್ತದೆ. ಗೊಬ್ಬರ ಸಾಲದೇನೋ ಎಂದು ಮೇಲಿಂದ ಮೇಲೆ ಗೊಬ್ಬರ ಹಾಕುತ್ತೇವೆ. ಕುಂಡವನ್ನು ಸರಿಯಾಗಿ ನೋಡಿದರೆ ಕಾರಣ ಅಲ್ಲೇ ಇರುತ್ತದೆ. ಮಣ್ಣು ಇಳಿದು ಗಟ್ಟಿಯಾಗಿರುತ್ತದೆ, ತಾಯಿಗಡ್ಡೆಯ ಸುತ್ತ ಮರಿಗಳು ಒತ್ತಿಕೊಂಡಿರುತ್ತವೆ, ಹಾಕಿದ ನೀರು ಅಂಚಿನಿಂದ ಜಾರಿ ನೇರವಾಗಿ ತಳದ ತೂತಿನಲ್ಲಿ ಹೊರಬರುತ್ತದೆ. ಆಗ ಬೇಕಾದದ್ದು ಹೊಸ ಮಣ್ಣು, ಹೊಸ ಕುಂಡ. ಆದರೆ ಕುಂಡ ಬದಲಿಸಿದವರಲ್ಲೂ ಅನೇಕರಿಗೆ ಮುಂದಿನ ವರ್ಷ ಹೂ ಸಿಗುವುದಿಲ್ಲ. ಗಡ್ಡೆಯನ್ನು ಕಿತ್ತು, ಬೇರನ್ನೆಲ್ಲ ಸವರಿ, ಒಣಗಿಸಿ ನೆಟ್ಟಿರುತ್ತಾರೆ. ಗ್ಲಾಡಿಯೋಲಸ್‌ಗೆ ಈ ಕ್ರಮ ಸರಿ. ಅಮರಿಲ್ಲಿಸ್‌ಗೆ ಇದು ದೊಡ್ಡ ಪೆಟ್ಟು.

ಏಕೆಂದು ತಿಳಿಯಲು ಗಡ್ಡೆಯ ಒಳಗೆ ನಡೆಯುವುದನ್ನು ತಿಳಿಯಬೇಕು. ನಾವು ಅಮರಿಲ್ಲಿಸ್ ಎಂದು ಕೊಳ್ಳುವ ಗಿಡ ಸಸ್ಯಶಾಸ್ತ್ರದಲ್ಲಿ ಹಿಪ್ಪಿಯಾಸ್ಟ್ರಮ್. ಬ್ರೆಜಿಲ್, ಬೊಲಿವಿಯಾ, ಪೆರು ಕಡೆಯ ಕಾಡು ಜಾತಿಗಳು ಇದರ ಮೂಲ. ಅವುಗಳಿಂದ ಮಿಶ್ರತಳಿ ಮಾಡುವ ಕೆಲಸ 1799ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಆರ್ಥರ್ ಜಾನ್ಸನ್ ಎಂಬ ಗಡಿಯಾರ ತಯಾರಕನಿಂದ ಶುರುವಾಯಿತು. ಕೆಂಪು ದಳದ ನಡುವೆ ಬಿಳಿ ಗೆರೆಯಿರುವ ಆ ತಳಿಗೆ ಇಂದಿಗೂ ಅವನ ಹೆಸರೇ ಇದೆ. ಗಡ್ಡೆಯನ್ನು ಅಡ್ಡಲಾಗಿ ಕೊಯ್ದರೆ ಈರುಳ್ಳಿಯಂತೆ ಪದರ ಪದರ. ಪ್ರತಿ ಪದರವೂ ಒಂದು ಎಲೆಯ ಉಬ್ಬಿದ ಬುಡ. ತಳದಲ್ಲಿ ಗಟ್ಟಿಯಾದ ಒಂದು ಬಿಲ್ಲೆ ಇದೆ. ಮೇಲಕ್ಕೆ ಎಲೆ, ಕೆಳಕ್ಕೆ ಬೇರು ಹೊರಡುವುದು ಅದರಿಂದಲೇ. ಸಾಮಾನ್ಯವಾಗಿ ನಾಲ್ಕು ಎಲೆ ಹುಟ್ಟಿದ ಮೇಲೆ ಒಂದು ಹೂಮೊಗ್ಗು, ಮತ್ತೆ ನಾಲ್ಕು ಎಲೆ, ಮತ್ತೊಂದು ಮೊಗ್ಗು, ಹೀಗೆ ಒಳಗೆ ಲೆಕ್ಕ ಸಾಗುತ್ತದೆ. ಒಳಗೆ ಹುಟ್ಟಿದ ಮೊಗ್ಗು ದಂಟಾಗಿ ಹೊರಬರಲು ಸುಮಾರು ಒಂದು ವರ್ಷ ಬೇಕು. ಈ ಬೇಸಿಗೆಯಲ್ಲಿ ಅರಳಿದ ಹೂವು ಹೋದ ವರ್ಷದ ಎಲೆಗಳ ದುಡಿಮೆ. ಮುಂದಿನ ವರ್ಷದ ಹೂವು ಈಗಾಗಲೇ ಗಡ್ಡೆಯೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿ ಕುಳಿತಿದೆ.

ಬೇರಿನ ವಿಷಯದಲ್ಲಿ ಈ ಗಿಡದ ಸ್ವಭಾವವೇ ಬೇರೆ. ಈರುಳ್ಳಿಯ ಬೇರು ಗಡ್ಡೆ ಬಲಿತ ಮೇಲೆ ಒಣಗುತ್ತದೆ. ಅಮರಿಲ್ಲಿಸ್‌ನ ಬೇರು ದಪ್ಪ, ಬಿಳಿ, ರಸ ತುಂಬಿದ್ದು. ಎಲೆ ಒಣಗಿ ಗಡ್ಡೆ ನಿದ್ರಿಸುವಾಗಲೂ ಅದು ಸಾಯುವುದಿಲ್ಲ, ಒಂದಕ್ಕಿಂತ ಹೆಚ್ಚು ವರ್ಷ ಬದುಕಿ ನೀರನ್ನೂ ಆಹಾರವನ್ನೂ ಕೂಡಿಟ್ಟುಕೊಂಡಿರುತ್ತದೆ. ಅದನ್ನು ಕತ್ತರಿಸಿಬಿಟ್ಟರೆ ಗಡ್ಡೆ ಹೊಸ ಬೇರು ಕಟ್ಟಲು ತನ್ನೊಳಗಿನ ಸಂಗ್ರಹವನ್ನು ಖರ್ಚು ಮಾಡಬೇಕು. ಖರ್ಚು ಮೀರಿದಾಗ ಒಳಗಿನ ಮೊಗ್ಗು ಬಾಡುತ್ತದೆ. ಆದ್ದರಿಂದ ಕುಂಡ ಬದಲಿಸುವಾಗ ಗಡ್ಡೆಗಿಂತ ಬೇರಿನ ಮೇಲೆ ಕಣ್ಣಿರಬೇಕು. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನಿಂದಲೇ ಹೊರಡುತ್ತದೆ.

ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು. ಪ್ರತಿವರ್ಷ ಕೀಳುವವರಿದ್ದಾರೆ, ಅದು ಬೇಡವೇ ಬೇಡ. ನಡುವಿನ ವರ್ಷಗಳಲ್ಲಿ ಮೇಲಿನ ಒಂದೆರಡು ಅಂಗುಲ ಮಣ್ಣನ್ನು ಕೈಯಲ್ಲಿ ಕೆರೆದು ತೆಗೆದು ಎರೆಗೊಬ್ಬರ ಬೆರೆಸಿದ ಹೊಸ ಮಣ್ಣು ತುಂಬಬಹುದು.

ಸಮಯದ ಬಗ್ಗೆ ಎರಡು ಅಭಿಪ್ರಾಯಗಳಿವೆ. ಮೊಗ್ಗು ಹೊರಡುವ ಮುನ್ನ, ಅಂದರೆ ಜನವರಿಯಲ್ಲೇ ಮುಗಿಸಬೇಕು ಎನ್ನುವುದು ಒಂದು. ಹೂ ಮುಗಿದ ಮೇಲೆ ಎನ್ನುವುದು ಇನ್ನೊಂದು. ನಮ್ಮ ಕಡೆ ಎರಡನೆಯದೇ ವಾಸಿ ಎಂಬುದು ನನ್ನ ನಿಲುವು. ಇಲ್ಲಿ ಹೂವು ಹೆಚ್ಚಾಗಿ ಮಾರ್ಚ್‌ನಿಂದ ಮೇವರೆಗಿನ ಬೇಸಿಗೆಯಲ್ಲಿ. ಅದು ಮುಗಿದ ಕೂಡಲೇ ಮಣ್ಣು ಬೆಚ್ಚಗಿರುತ್ತದೆ, ಎಲೆಗಳು ಭರದಿಂದ ಬೆಳೆಯುತ್ತವೆ, ಗಾಯಗೊಂಡ ಬೇರು ಬೇಗ ಸುಧಾರಿಸಿಕೊಳ್ಳುತ್ತದೆ. ಕರಾವಳಿ, ಮಲೆನಾಡಿನವರು ಮುಂಗಾರಿಗೆ ಒಂದೆರಡು ವಾರ ಮೊದಲೇ ಕೆಲಸ ಮುಗಿಸಬೇಕು. ಜುಲೈ ಮಳೆಯಲ್ಲಿ ಗಾಯದ ಬೇರನ್ನು ಹಸಿ ಮಣ್ಣಿಗಿಟ್ಟರೆ ಕೊಳೆಯುವುದು ಖಚಿತ. ಹೂದಂಟು ಇಣುಕಿದ ಗಿಡವನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬಾರದು.

ಕೀಳುವ ಮುನ್ನ ನಾಲ್ಕೈದು ದಿನ ನೀರು ನಿಲ್ಲಿಸಿ, ಮಣ್ಣು ಸಡಿಲವಾಗುತ್ತದೆ. ಪ್ಲಾಸ್ಟಿಕ್ ಕುಂಡವಾದರೆ ಸುತ್ತಲೂ ಅಮುಕಿ ಓರೆ ಮಾಡಿ ಜಾರಿಸಬಹುದು. ಮಣ್ಣಿನ ಕುಂಡವಾದರೆ ಉದ್ದನೆಯ ಚಾಕುವನ್ನು ಒಳಗೋಡೆಗೆ ತಾಗಿಸಿ ಒಂದು ಸುತ್ತು ಆಡಿಸಬೇಕು. ಎಲೆ ಹಿಡಿದು ಎಳೆಯಬೇಡಿ. ಬೇರು ಗೋಡೆಗೆ ಅಂಟಿ ಬಾರದಿದ್ದರೆ ಕುಂಡವನ್ನೇ ಒಡೆಯಿರಿ. ಕುಂಡ ಇನ್ನೊಂದು ಸಿಗುತ್ತದೆ, ಮೂರು ವರ್ಷದ ಬೇರು ಸಿಗುವುದಿಲ್ಲ.

ಮಣ್ಣನ್ನು ಬೆರಳಿನಿಂದ ಉದುರಿಸಿ ಬೇರನ್ನು ಒಂದೊಂದಾಗಿ ನೋಡಿ. ಬಿಳಿ ಅಥವಾ ಕೆನೆ ಬಣ್ಣದ ಗಟ್ಟಿ ಬೇರು ಜೀವಂತ. ಕಂದಾಗಿ, ಟೊಳ್ಳಾಗಿ, ಎಳೆದರೆ ಮೇಲಿನ ಸಿಪ್ಪೆ ಕೈಗೆ ಬಂದು ಒಳಗಿನ ದಾರ ಮಾತ್ರ ಉಳಿಯುವುದು ಕೊಳೆತದ್ದು. ಕೊಳೆತದ್ದನ್ನಷ್ಟೇ ಕತ್ತರಿಸಿ. ಗಡ್ಡೆಯ ಹೊರಗಿನ ಒಣ ಕಂದು ಸಿಪ್ಪೆ ಸಡಿಲವಾಗಿದ್ದರೆ ತೆಗೆಯಿರಿ. ಹಿಟ್ಟು ತಿಗಣೆ ಬಚ್ಚಿಟ್ಟುಕೊಳ್ಳುವುದು ಅದರ ಮರೆಯಲ್ಲೇ. ಕಂಡುಬಂದರೆ ಗಡ್ಡೆಯನ್ನು ಬಕೆಟ್ ನೀರಿನಲ್ಲಿ ತೊಳೆದು, ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಬೇಕು. ಗಾಯವಾದ ಕಡೆ ಕೆಂಪು ಕಲೆ ಕಂಡರೆ ಗಾಬರಿ ಬೇಡ, ಈ ಗಿಡದ ಅಂಗಾಂಶಕ್ಕೆ ಪೆಟ್ಟು ಬಿದ್ದಾಗ ಕೆಂಪೇರುವುದು ಸಹಜ. ಆದರೆ ಎಲೆ, ದಂಟು, ಗಡ್ಡೆ ಎಲ್ಲದರ ಮೇಲೂ ಕೆಂಪು ಗೆರೆ, ಮಚ್ಚೆ ಹರಡುತ್ತ ಎಲೆ ಸೊಟ್ಟಗೆ ಬಾಗಿದ್ದರೆ ಅದು ಸ್ಟಾಗೊನೊಸ್ಪೋರ ಎಂಬ ಶಿಲೀಂಧ್ರದ ರೋಗ. ಅಂಥ ಗಡ್ಡೆಯ ಕೆಟ್ಟ ಪದರವನ್ನು ಬಿಳಿ ಕಾಣುವವರೆಗೆ ಕೊಯ್ದು, ಶಿಲೀಂಧ್ರನಾಶಕದಲ್ಲಿ ಅದ್ದಿ, ಬೇರೆ ಗಿಡಗಳಿಂದ ದೂರ ಇಡಬೇಕು. ಎಲೆಯಲ್ಲಿ ತಿಳಿಹಳದಿ ಪಟ್ಟೆ ಚಿತ್ತಾರ ಕಂಡರೆ ಅದು ಮೊಸಾಯಿಕ್ ವೈರಸ್ ಇರಬಹುದು. ಅದಕ್ಕೆ ಔಷಧವಿಲ್ಲ, ಚಾಕುವಿಗೆ ಹತ್ತಿದ ರಸದಿಂದಲೂ ಹರಡುತ್ತದೆ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಅಲಗನ್ನು ಸ್ಪಿರಿಟ್‌ನಿಂದ ಒರೆಸಲೇಬೇಕು.

ಮರಿಗಳನ್ನು ಬಿಡಿಸುವಾಗ ಆತುರ ಬೇಡ. ತಾಯಿಯ ಮೂರನೇ ಒಂದು ಭಾಗದಷ್ಟಾದರೂ ದಪ್ಪವಾಗಿ, ತನ್ನದೇ ಬೇರು ಬಿಟ್ಟ ಮರಿ ಸ್ವಲ್ಪ ತಿರುವಿದರೆ ತಾನಾಗಿ ಕಳಚಿಕೊಳ್ಳುತ್ತದೆ. ಬಾರದ ಮರಿಯನ್ನು ತಾಯಿಯ ಜೊತೆಗೇ ನೆಡಿ. ಬಿಡಿಸಿದ ಮರಿ ಹೂ ಕೊಡಲು ಎರಡು ಮೂರು ವರ್ಷ ಬೇಕು. ಕತ್ತರಿಸಿದ ಗಾಯಗಳಿಗೆ ಇದ್ದಿಲ ಪುಡಿ ಸವರಿ, ನೆರಳಿನಲ್ಲಿ ಒಂದೆರಡು ದಿನ ಇಟ್ಟರೆ ಮೇಲ್ಮೈ ಒಣಗುತ್ತದೆ. ಬೇರು ಬಾಡುವಷ್ಟು ದಿನ ಬಿಡಬಾರದು. ಹೀಗಿಡುವಾಗ ಅಡುಗೆಮನೆಯ ಹತ್ತಿರ ಬೇಡ. ಈ ಗಡ್ಡೆಯಲ್ಲಿ ಲೈಕೊರಿನ್ ಎಂಬ ವಿಷವಿದೆ, ತಿಂದರೆ ವಾಂತಿ, ಭೇದಿ. ನೋಡಲು ಈರುಳ್ಳಿಯಂತಿರುವುದರಿಂದ ಮಕ್ಕಳು, ನಾಯಿ, ಬೆಕ್ಕು ಇರುವ ಮನೆಯಲ್ಲಿ ನಿಜಕ್ಕೂ ಎಚ್ಚರ ಬೇಕು.

ಇನ್ನು ಕುಂಡ. ಗಡ್ಡೆಗೂ ಕುಂಡದ ಗೋಡೆಗೂ ನಡುವೆ ಎರಡು ಬೆರಳು ಜಾಗ ಸಾಕು. ಇಕ್ಕಟ್ಟಿದ್ದರೇನೇ ಅಮರಿಲ್ಲಿಸ್ ಹೂಬಿಡುತ್ತದೆ ಎಂದು ನರ್ಸರಿಯವರು ಹೇಳುವುದುಂಟು. ಅಳತೆ ಸರಿ, ಕಾರಣ ಬೇರೆ. ಬೇರು ತಲುಪದ ಮಣ್ಣಿನಲ್ಲಿ ನೀರು ಕುಡಿಯುವವರಿಲ್ಲ, ಅದು ದಿನಗಟ್ಟಲೆ ಹಸಿಯಾಗಿ ಉಳಿದು ಗಡ್ಡೆಯ ತಳ ಕೊಳೆಯುತ್ತದೆ. ಹಾಗಾಗಿ ಅಗಲ ಕಡಿಮೆ ಇರಲಿ, ಆಳ ಮಾತ್ರ 20 ಸೆಂಟಿಮೀಟರಿಗೆ ಕಡಿಮೆಯಾಗದಿರಲಿ. ದೊಡ್ಡ ಕುಂಡವೇ ಇದ್ದರೆ ಮೂರು ಗಡ್ಡೆ ಒಟ್ಟಿಗೆ ನೆಡಿ. ಮಳೆ ಹೆಚ್ಚಿರುವ ಊರಿಗೆ ಮಣ್ಣಿನ ಕುಂಡವೇ ಮೇಲು, ಗೋಡೆಯ ಮೂಲಕವೂ ತೇವ ಆವಿಯಾಗುತ್ತದೆ.

ತಳಕ್ಕೆ ಒಂದು ಪದರ ಜಲ್ಲಿ ಹಾಕುವ ಪದ್ಧತಿಯನ್ನು ಬಿಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ನೀರು ಸೂಕ್ಷ್ಮ ರಂಧ್ರಗಳ ಮಣ್ಣಿನಿಂದ ದೊಡ್ಡ ಸಂದುಗಳ ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ. ಎರಡರ ಗಡಿಯಲ್ಲಿ, ಮಣ್ಣಿನ ಕೆಳಪದರದಲ್ಲೇ ನಿಲ್ಲುತ್ತದೆ. ಜಲ್ಲಿ ಇಲ್ಲದಿದ್ದರೆ ಆ ತೇವದ ಪದರ ಕುಂಡದ ತಳದಲ್ಲಿರುತ್ತಿತ್ತು. ಜಲ್ಲಿ ಹಾಕಿ ನಾವೇ ಅದನ್ನು ಎರಡು ಅಂಗುಲ ಮೇಲಕ್ಕೆ, ಗಡ್ಡೆಯ ಹತ್ತಿರಕ್ಕೆ ತಂದಂತಾಯಿತು. ತೂತಿನ ಮೇಲೆ ಹಂಚಿನ ಒಂದು ಚೂರು ಬೋರಲಿಟ್ಟರೆ ಮಣ್ಣು ಸೋರುವುದಿಲ್ಲ, ಅಷ್ಟೇ ಬೇಕಾದದ್ದು. ನೀರು ಬಸಿಯುವ ಗುಣ ಇಡೀ ಮಣ್ಣಿನಲ್ಲಿ ಇರಬೇಕು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಮೇಲೊಂದು ಹಿಡಿ ಬೇವಿನ ಹಿಂಡಿ. ಮರಳು ಸಿಗದಿದ್ದರೆ ದೂಳು ತೊಳೆದ ಎಂ-ಸ್ಯಾಂಡ್ ಆದೀತು. ತೆಂಗಿನ ನಾರಿನ ಪುಡಿ ತಾರಸಿಯ ಬಿಸಿಲಿನಲ್ಲಿ ಅನುಕೂಲ, ಮಲೆನಾಡಿನಲ್ಲಿ ಬೇಡ. ಹಸಿ ಸಗಣಿ ಎಲ್ಲೂ ಬೇಡ.

ಅರ್ಧ ಕುಂಡ ತುಂಬಿ ನಡುವೆ ಮಣ್ಣಿನ ದಿಬ್ಬ ಮಾಡಿ, ಗಡ್ಡೆಯನ್ನು ಅದರ ಮೇಲೆ ಕೂರಿಸಿ, ಬೇರುಗಳನ್ನು ಸುತ್ತಲೂ ಇಳಿಬಿಡಿ. ಮಣ್ಣು ತುಂಬುತ್ತ ಕುಂಡವನ್ನು ಮೆಲ್ಲಗೆ ಕುಟ್ಟಿದರೆ ಬೇರುಗಳ ಸಂದಿಗೆ ಅದು ತಾನೇ ಇಳಿಯುತ್ತದೆ. ಗಡ್ಡೆಯ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಹೊರಗೇ ಇರಬೇಕು. ಕತ್ತಿನವರೆಗೆ ಹೂತರೆ ಎಲೆಗಳ ಸಂದಿಯಲ್ಲಿ ನೀರು ನಿಂತು ಕೊಳೆಯುತ್ತದೆ.

ಒಮ್ಮೆ ತುಂಬ ನೀರು ಕೊಟ್ಟು, ಎರಡು ವಾರ ನೆರಳಿನಲ್ಲಿಟ್ಟು, ಮೇಲ್ಮಣ್ಣು ಒಣಗಿದ ಮೇಲೆ ಮಾತ್ರ ಮತ್ತೆ ನೀರು ಹಾಕಿ. ಹೊಸ ಎಲೆ ಚಿಗುರಿತೆಂದರೆ ಬೇರು ಹಿಡಿಯಿತೆಂದು ತಿಳಿಯಬಹುದು. ಆಮೇಲೆ ದಿನಕ್ಕೆ ನಾಲ್ಕೈದು ಗಂಟೆ ಬಿಸಿಲಿಗೆ ಸರಿಸಿ. ಒಂದು ತಿಂಗಳು ಗೊಬ್ಬರ ಬೇಡ. ನಂತರ ಸಾರಜನಕ ಕಡಿಮೆ, ಪೊಟ್ಯಾಶ್ ಹೆಚ್ಚಿರುವ ಗೊಬ್ಬರವನ್ನು ತಿಳಿಯಾಗಿ ಎರಡು ಮೂರು ವಾರಕ್ಕೊಮ್ಮೆ ಕೊಡಿ. ಹಸಿರಾಗಿರುವ ಎಲೆಯನ್ನು ಅಂದಕ್ಕೆಂದು ಕತ್ತರಿಸಬೇಡಿ. ನವೆಂಬರ್‌ನಿಂದ ನೀರು ಕಡಿಮೆ ಮಾಡಿ ಎಂಟು ಹತ್ತು ವಾರ ಬಹುತೇಕ ಒಣಗಲು ಬಿಡಿ, ಕುಂಡದಲ್ಲೇ ಇರಲಿ. ಬೆಂಗಳೂರಿನ ಡಿಸೆಂಬರ್ ರಾತ್ರಿಗಳ ತಂಪು ಈ ವಿಶ್ರಾಂತಿಗೆ ಸಾಕು. ಗಡ್ಡೆಯನ್ನು ಕಿತ್ತು ಫ್ರಿಜ್‌ನಲ್ಲಿಡುವುದು ಟ್ಯೂಲಿಪ್‌ನ ಕ್ರಮ. ಬಿಸಿಯೂರಾದ ಮಂಗಳೂರಿನಲ್ಲೂ ನೀರು ತಡೆಹಿಡಿದರೆ ಹೂ ಬರುತ್ತದೆ.

ಮಳೆಗಾಲದಲ್ಲಿ ಹೊಸ ಎಲೆಗಳನ್ನು ಹುಡುಕಿಕೊಂಡು ಲಿಲ್ಲಿ ಕಂಬಳಿಹುಳು ಬರುತ್ತದೆ. ಕಪ್ಪು ಮೈ, ಬಿಳಿ ಮತ್ತು ಕೆಂಪು ಚುಕ್ಕೆ, ಗುರುತು ಸುಲಭ. ಮರಿಗಳು ಗುಂಪಾಗಿ ಮೇಯುತ್ತವೆ, ಬಲಿತವು ಕೆಲವೇ ದಿನಗಳಲ್ಲಿ ಎಲೆಯನ್ನು ಬುಡದವರೆಗೆ ಮುಗಿಸಿ ಗಡ್ಡೆಯ ಕತ್ತಿಗೂ ಇಳಿಯುತ್ತವೆ. ಆ ಎಲೆಗಳು ಹೋದರೆ ಮುಂದಿನ ಹೂವೂ ಹೋಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಿಗ್ಗೆ ಎಲೆಯ ಅಡಿಭಾಗ ತಿರುವಿ ನೋಡಿ, ಸಿಕ್ಕಿದ್ದನ್ನು ಸೋಪಿನ ನೀರಿಗೆ ಹಾಕಿ. ಕುಂಡ ಹತ್ತಿಪ್ಪತ್ತಕ್ಕಿಂತ ಹೆಚ್ಚಿದ್ದರೆ ಮಾತ್ರ ಸಂಜೆ ಬೇವಿನೆಣ್ಣೆಯ ದ್ರಾವಣ ಸಿಂಪಡಿಸುವ ಯೋಚನೆ ಮಾಡಿ.