ಮನೆ ಮುಂದಿನ ರಸ್ತೆ ಯಾರದ್ದು? ಬಡಾವಣೆ ಪಾರ್ಕಿಂಗ್: ತಪ್ಪು ಕಲ್ಪನೆ ಮತ್ತು ಸತ್ಯ

ಬೆಂಗಳೂರಿನ ಹಳೆಯ ಬಡಾವಣೆಯೊಂದರ ಅಡ್ಡರಸ್ತೆಯಲ್ಲಿ ನಡೆದು ನೋಡಿ. ಒಂದು ಮನೆಯವರು ಪೇಂಟಿನ ಡಬ್ಬಕ್ಕೆ ಸಿಮೆಂಟ್ ತುಂಬಿ, ನಡುವೆ ಕಬ್ಬಿಣದ ಸರಳು ನೆಟ್ಟು ರಸ್ತೆಗಿಟ್ಟಿದ್ದಾರೆ. ಪಕ್ಕದವರದ್ದು ಸಾಲು ಹೂಕುಂಡ. ಅದರಾಚೆ ಗೇಟಿಗೆ ಒಡವೆ ಅಂಗಡಿಯ ಜಾಹೀರಾತಿರುವ ‘ನೋ ಪಾರ್ಕಿಂಗ್’ ಬೋರ್ಡು, ಅದರ ಕೆಳಗೆ ಕೈಬರಹದಲ್ಲಿ ‘ಇಲ್ಲಿ ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು’. ಎದುರುಗಡೆ ಯಾರದ್ದೆಂದು ಯಾರಿಗೂ ಗೊತ್ತಿಲ್ಲದ ಕಾರು, ಕವರ್ ಹೊದ್ದು ತಿಂಗಳುಗಟ್ಟಲೆ ನಿಂತಿದೆ.

ಇಂಥ ಬೀದಿಗಳಿಗೆ ಒಂದು ಕ್ರಮ ತರಬೇಕೆಂಬ ಮಾತು ಹೊಸದಲ್ಲ. ನಗರ ಭೂಸಾರಿಗೆ ನಿರ್ದೇಶನಾಲಯ ರೂಪಿಸಿದ ‘ಪಾರ್ಕಿಂಗ್ ನೀತಿ 2.0’ಕ್ಕೆ 2021ರ ಹೊತ್ತಿಗೇ ರಾಜ್ಯ ಸರ್ಕಾರದ ಒಪ್ಪಿಗೆ ಸಿಕ್ಕಿದೆ. ಪ್ರದೇಶವಾರು ಯೋಜನೆ ಮಾಡುವುದು, ಎಲ್ಲಿ ನಿಲ್ಲಿಸಬಹುದು ಎಂದು ಗೆರೆ ಎಳೆಯುವುದು, ಹೊರಗಿನವರಿಂದ ಗಂಟೆ ಲೆಕ್ಕದ ಶುಲ್ಕ ಪಡೆಯುವುದು, ನಿವಾಸಿಗಳಿಗೆ ವಾರ್ಷಿಕ ಪರ್ಮಿಟ್ ಕೊಡುವುದು ಅದರ ಮುಖ್ಯ ಅಂಶಗಳು. ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದ ಮೇಲೂ ಈ ಪ್ರಶ್ನೆ ಹಾಗೇ ಇದೆ. ನಿವಾಸಿಗಳ ಸಂಘದ ಸಭೆಗೆ ಈ ವಿಷಯ ಬಂತೆಂದರೆ ಗದ್ದಲ ಖಂಡಿತ. ಆ ಗದ್ದಲದಲ್ಲಿ ಮತ್ತೆ ಮತ್ತೆ ಕೇಳಿಬರುವ ಕೆಲವು ಮಾತುಗಳನ್ನು ಇಲ್ಲಿ ಒಂದೊಂದಾಗಿ ಒರೆಗೆ ಹಚ್ಚಿದೆ.

ತಪ್ಪು ಕಲ್ಪನೆ 1: ನನ್ನ ಮನೆ ಮುಂದಿನ ಜಾಗ ನನ್ನದೇ

ಸತ್ಯ: ನಿಮ್ಮ ಕ್ರಯಪತ್ರ ತೆಗೆದು ಚಕ್ಕುಬಂದಿ ಓದಿ. ಮೂರು ದಿಕ್ಕಿಗೆ ಅಕ್ಕಪಕ್ಕದವರ ಸೈಟ್ ನಂಬರ್ ಇದ್ದರೆ, ನಾಲ್ಕನೆಯದಕ್ಕೆ ‘ರಸ್ತೆ’ ಎಂದಷ್ಟೇ ಇರುತ್ತದೆ. ನಿಮ್ಮ ಹಕ್ಕು ಮುಗಿಯುವುದು ಅಲ್ಲಿಗೇ. ಖಾತೆಯಾಗಲಿ, ನೀವು ಕಟ್ಟುವ ಆಸ್ತಿ ತೆರಿಗೆಯಾಗಲಿ ಆ ಗಡಿಯೊಳಗಿನ ಸೈಟು, ಕಟ್ಟಡಕ್ಕೆ ಸಂಬಂಧಿಸಿದ್ದು. ರಸ್ತೆ ಪಾಲಿಕೆಯ ಸ್ವತ್ತು, ಬಳಕೆ ಎಲ್ಲರದ್ದು.

ವಾಹನ ಎಲ್ಲಿ ನಿಲ್ಲಬಹುದು ಎಂದು ಗೊತ್ತುಮಾಡುವ ಅಧಿಕಾರವನ್ನು 1988ರ ಮೋಟಾರು ವಾಹನ ಕಾಯ್ದೆಯ 117ನೇ ಸೆಕ್ಷನ್ ಸರ್ಕಾರಕ್ಕೆ ಅಥವಾ ಅದು ನೇಮಿಸಿದ ಪ್ರಾಧಿಕಾರಕ್ಕೆ ಕೊಟ್ಟಿದೆ. ಹಾಗಾಗಿ ಒಡವೆ ಅಂಗಡಿ ಹಂಚಿದ ಬೋರ್ಡಿಗೆ ಕಾನೂನಿನ ಬಲವಿಲ್ಲ. ಸಿಮೆಂಟ್ ಡಬ್ಬವಂತೂ ರಸ್ತೆಗೆ ಒಡ್ಡಿದ ಅಡ್ಡಿಯೇ. ಆದರೆ ಗೇಟಿಗೆ ಅಡ್ಡಲಾಗಿ ಕಾರು ನಿಲ್ಲಿಸುವುದು ಬೇರೆ ವಿಷಯ. ಮನೆಯ ಪ್ರವೇಶಕ್ಕೆ ಅಡ್ಡವಾಗಿ ವಾಹನ ನಿಲ್ಲಿಸಬಾರದೆಂದು 2017ರ ಚಾಲನಾ ನಿಯಮಗಳೇ ಹೇಳುತ್ತವೆ. ಅದಕ್ಕೆ ಬೋರ್ಡು ಬೇಕಿಲ್ಲ, ಪೊಲೀಸರಿಗೆ ದೂರು ಕೊಟ್ಟರೆ ಸಾಕು. ಟೈರಿನ ಗಾಳಿ ತೆಗೆಯುವ ಅಧಿಕಾರ ಮಾತ್ರ ಯಾವ ಮನೆಯವರಿಗೂ ಇಲ್ಲ.

ತಪ್ಪು ಕಲ್ಪನೆ 2: ರೋಡ್ ಟ್ಯಾಕ್ಸ್ ಕಟ್ಟಿದ್ದೇನೆ, ಮತ್ತೆ ಯಾಕೆ ದುಡ್ಡು?

ಸತ್ಯ: ಈ ಸಿಟ್ಟಿಗೆ ಕಾರಣವಿದೆ. ಕರ್ನಾಟಕದಲ್ಲಿ ಕಾರಿನ ಬೆಲೆಗೆ ತಕ್ಕಂತೆ ಶೇ 13ರಿಂದ 18ರವರೆಗೆ ಜೀವಿತಾವಧಿ ತೆರಿಗೆ, ಅದರ ಮೇಲೆ ಸೆಸ್. ದೇಶದಲ್ಲೇ ಭಾರವಾದ ದರಗಳಲ್ಲಿ ಇದೂ ಒಂದು. ಆದರೆ 1957ರ ಮೋಟಾರು ವಾಹನ ತೆರಿಗೆ ಕಾಯ್ದೆಯಡಿ ಕಟ್ಟುವ ಈ ಹಣ ಹೋಗುವುದು ರಾಜ್ಯದ ಬೊಕ್ಕಸಕ್ಕೆ, ನಿಮ್ಮ ಬೀದಿಯ ಪಾಲಿಕೆಗಲ್ಲ. ಅದು ವಾಹನ ಇಟ್ಟುಕೊಂಡು ಓಡಿಸುವುದಕ್ಕೆ ಕಟ್ಟುವ ತೆರಿಗೆ. ರಾತ್ರಿ ಹಗಲು ಸಾರ್ವಜನಿಕ ನೆಲದಲ್ಲಿ ಇಡುವ ಬಾಡಿಗೆ ಅದರಲ್ಲಿ ಸೇರಿಲ್ಲ.

ಆ ನೆಲದ ಲೆಕ್ಕ ಹಾಕೋಣ. ಒಂದು ಕಾರು ನಿಲ್ಲಲು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು. ಅಂದರೆ ಸುಮಾರು 135 ಚದರ ಅಡಿ. ಹತ್ತು-ಹನ್ನೆರಡರ ಒಂದು ರೂಮು 120 ಚದರ ಅಡಿ ಅಷ್ಟೆ. ಆ ರೂಮನ್ನು ಬಾಡಿಗೆಗೆ ಕೇಳಿದರೆ ಬೆಂಗಳೂರಿನ ಯಾವ ಮೂಲೆಯಲ್ಲೂ ತಿಂಗಳಿಗೆ ಸಾವಿರಗಟ್ಟಲೆ ಹೇಳುತ್ತಾರೆ. ಪಾರ್ಕಿಂಗ್ ನೀತಿ ಸೂಚಿಸಿದ ಪರ್ಮಿಟ್ ದರ ಸಣ್ಣ ಕಾರಿಗೆ ವರ್ಷಕ್ಕೆ 1,000 ರೂಪಾಯಿ, ದೊಡ್ಡದಕ್ಕೆ 5,000. ದಿನಕ್ಕೆ ಲೆಕ್ಕ ಹಾಕಿದರೆ ಸಣ್ಣ ಕಾರಿಗೆ ಮೂರು ರೂಪಾಯಿಯೂ ಆಗುವುದಿಲ್ಲ.

ತಪ್ಪು ಕಲ್ಪನೆ 3: ಪರ್ಮಿಟ್ ತಗೊಂಡರೆ ನನ್ನ ಜಾಗ ಗ್ಯಾರಂಟಿ

ಸತ್ಯ: ಇಲ್ಲ. ಬಿಎಂಟಿಸಿ ಪಾಸ್ ಇದ್ದವರಿಗೆ ಬಸ್ ಹತ್ತುವ ಹಕ್ಕಿದೆ, ಕಿಟಕಿ ಪಕ್ಕದ ಸೀಟಿನ ಹಕ್ಕಿಲ್ಲ. ಪರ್ಮಿಟ್ ಕೂಡ ಹಾಗೆಯೇ. ಗುರುತು ಮಾಡಿದ ವಲಯದೊಳಗೆ ಖಾಲಿ ಇದ್ದಲ್ಲಿ ನಿಲ್ಲಿಸಬಹುದು ಎಂಬುದಷ್ಟೇ ಅದರ ಅರ್ಥ. ದಶಕಗಳಿಂದ ಈ ಪದ್ಧತಿ ನಡೆಸುತ್ತಿರುವ ಲಂಡನ್‌ನ ಸ್ಥಳೀಯ ಕೌನ್ಸಿಲ್‌ಗಳೂ ಜಾಗದ ಖಾತ್ರಿ ಕೊಡುವುದಿಲ್ಲ.

ಹಾಗಾದರೆ ಲಾಭವೇನು? ಮೆಟ್ರೊ ನಿಲ್ದಾಣಕ್ಕೋ ಆಸ್ಪತ್ರೆಗೋ ಬಂದವರು ಬೆಳಿಗ್ಗೆ ಎಂಟಕ್ಕೆ ನಿಮ್ಮ ಬೀದಿಯಲ್ಲಿ ಕಾರು ಬಿಟ್ಟು ಸಂಜೆ ತೆಗೆಯುವುದು ತಪ್ಪುತ್ತದೆ. ಹೊರಗಿನವರ ಒತ್ತಡ ಹೆಚ್ಚಿರುವ ಬೀದಿಗೆ ಇದು ನಿಜಕ್ಕೂ ಉಪಕಾರ. ಆದರೆ ಇಪ್ಪತ್ತು ಮನೆಯವರೇ ನಲವತ್ತು ಕಾರು ಇಟ್ಟುಕೊಂಡಿರುವ ಬೀದಿಗೆ ಪರ್ಮಿಟ್‌ನಿಂದ ಜಾಗ ಹುಟ್ಟುವುದಿಲ್ಲ. ಒಂದು ಮನೆಗೆ ಎಷ್ಟು ಪರ್ಮಿಟ್ ಎಂಬ ಮಿತಿಯಿದ್ದರೆ ಮಾತ್ರ ಅಲ್ಲಿ ಏನಾದರೂ ಬದಲಾದೀತು. ಸಭೆಯಲ್ಲಿ ಜಗಳ ಹತ್ತುವುದೂ ಈ ಮಿತಿಯ ಮೇಲೆಯೇ.

ತಪ್ಪು ಕಲ್ಪನೆ 4: ರಸ್ತೆ ಅಗಲವಾಗಿದೆ, ಎರಡೂ ಕಡೆ ನಿಲ್ಲಿಸಿದರೆ ಏನಾಯ್ತು?

ಸತ್ಯ: ದಾಖಲೆಯಲ್ಲಿ ಮೂವತ್ತಡಿ ಇರುವ ರಸ್ತೆಯಲ್ಲಿ ಚರಂಡಿ, ಪುಟ್‌ಪಾತ್ ಕಳೆದರೆ ಗಾಡಿ ಓಡಾಡಲು ಸುಮಾರು ಇಪ್ಪತ್ತನಾಲ್ಕು ಅಡಿ ಉಳಿಯುತ್ತದೆ. ಒಂದೊಂದು ಕಾರೂ ಆರಡಿ ಅಗಲ. ಎರಡೂ ಕಡೆ ನಿಂತರೆ ನಡುವೆ ಉಳಿಯುವುದು ಹೆಚ್ಚೆಂದರೆ ಹನ್ನೆರಡಡಿ. ಎಂಟಡಿ ಅಗಲದ ಅಗ್ನಿಶಾಮಕ ವಾಹನ ಹೇಗೋ ನುಸುಳಬಹುದು, ತಿರುವಿನಲ್ಲಿ ತಿರುಗದು. ಇನ್ನು ಇಪ್ಪತ್ತಡಿ ರಸ್ತೆಯಾದರೆ, ಚರಂಡಿ ಲೆಕ್ಕಕ್ಕೆ ಹಿಡಿಯದಿದ್ದರೂ, ಎರಡೂ ಕಡೆ ಕಾರು ನಿಂತ ಮೇಲೆ ಅಗ್ನಿಶಾಮಕ ವಾಹನ ಒಳಗೆ ಬರುವುದೇ ಕಷ್ಟ. ಹಾಗಾಗಿಯೇ ಕೆಲವು ರಸ್ತೆಗಳಲ್ಲಿ ಸಮ ದಿನಾಂಕಕ್ಕೆ ಒಂದು ಕಡೆ, ಬೆಸ ದಿನಾಂಕಕ್ಕೆ ಇನ್ನೊಂದು ಕಡೆ ಎಂಬ ಏರ್ಪಾಡು ಇದೆ. ಇಕ್ಕಟ್ಟಿನ ಬೀದಿಗಳಲ್ಲಿ ಪಾರ್ಕಿಂಗ್ ಪೂರ್ತಿ ನಿಷೇಧಿಸುವುದೂ ನಿಯಂತ್ರಣದ ಒಂದು ಭಾಗ. ಪರ್ಮಿಟ್ ಬಂದರೆ ಎಲ್ಲ ಬೀದಿಯಲ್ಲೂ ನಿಲ್ಲಿಸಬಹುದು ಎಂದುಕೊಂಡವರಿಗೆ ಅಲ್ಲಿ ನಿರಾಸೆ ಕಾದಿದೆ.

ತಪ್ಪು ಕಲ್ಪನೆ 5: ಅಂಗಡಿಗಳ ವ್ಯಾಪಾರ ಬಿದ್ದುಹೋಗುತ್ತೆ

ಸತ್ಯ: ಅಂಗಡಿ ಮುಂದೆ ದಿನವಿಡೀ ನಿಂತಿರುವ ಗಾಡಿ ಯಾರದ್ದೆಂದು ವಿಚಾರಿಸಿ ನೋಡಿ. ಅನೇಕ ಸಲ ಅದು ಅಂಗಡಿಯವರದ್ದೋ ಅವರ ಕೆಲಸಗಾರರದ್ದೋ ಆಗಿರುತ್ತದೆ. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಒಂದೇ ಕಾರು ನಿಂತರೆ ಆ ಜಾಗದಿಂದ ಒಬ್ಬ ಗಿರಾಕಿಯೂ ಬರಲಿಲ್ಲ. ಅದೇ ಜಾಗ ಗಂಟೆಗೊಮ್ಮೆ ಖಾಲಿಯಾದರೆ ಹತ್ತು ಗಿರಾಕಿಗಳಿಗೆ ಅವಕಾಶ. ಅಮೆರಿಕದ ಒಕ್ಲಹೋಮ ಸಿಟಿಯಲ್ಲಿ 1935ರಲ್ಲಿ ಜಗತ್ತಿನ ಮೊದಲ ಪಾರ್ಕಿಂಗ್ ಮೀಟರ್ ನೆಟ್ಟಿದ್ದೂ ಇದೇ ಕಾರಣಕ್ಕೆ. ಪೇಟೆಯಲ್ಲಿ ಕೆಲಸ ಮಾಡುವವರು ದಿನವಿಡೀ ಗಾಡಿ ನಿಲ್ಲಿಸಿ, ಕೊಳ್ಳಲು ಬಂದವರಿಗೆ ಜಾಗವಿಲ್ಲದಂತಾಗಿತ್ತು.

ತಪ್ಪು ಕಲ್ಪನೆ 6: ಬಹುಮಹಡಿ ಪಾರ್ಕಿಂಗ್ ಕಟ್ಟಿದರೆ ಸಾಕು, ರಸ್ತೆಗೆ ಶುಲ್ಕ ಬೇಡ

ಸತ್ಯ: ಫ್ರೀಡಂ ಪಾರ್ಕ್ ಬಳಿ ಐನೂರಕ್ಕೂ ಹೆಚ್ಚು ಕಾರು ಹಿಡಿಸುವ ಕಟ್ಟಡ ಎದ್ದು, ಎಷ್ಟೋ ಕಾಲ ಬೀಗ ಹಾಕಿಕೊಂಡೇ ಇದ್ದು, 2024ರಲ್ಲಿ ತೆರೆಯಿತು. ಮೊದಮೊದಲು ಒಳಗೆ ಬೇಕಾದಷ್ಟು ಜಾಗ ಖಾಲಿ, ಹೊರಗೆ ಸುತ್ತಲ ರಸ್ತೆಗಳಲ್ಲಿ ಎಂದಿನಂತೆ ಗಾಡಿಗಳ ಸಾಲು. ಹೊರಗೆ ಬಿಟ್ಟಿ ಸಿಗುವಾಗ ದುಡ್ಡು ಕೊಟ್ಟು ಮಹಡಿ ಹತ್ತಿಸುವವರು ಯಾರು? ಕಟ್ಟಡ ತುಂಬಬೇಕಾದರೆ ರಸ್ತೆಯ ಮೇಲಿನ ದರ ಕಟ್ಟಡದ ದರಕ್ಕಿಂತ ಹೆಚ್ಚಿರಬೇಕು, ಜೊತೆಗೆ ತಪ್ಪು ಜಾಗದಲ್ಲಿ ನಿಲ್ಲಿಸಿದವರಿಗೆ ದಂಡ ಬೀಳಬೇಕು.

ಇನ್ನು ಹೊಸ ಕಟ್ಟಡವಿಲ್ಲದೆಯೇ ಸಿಗಬಹುದಾದ ಜಾಗ ನಮ್ಮ ಮನೆಗಳ ಕೆಳಗೇ ಇದೆ. ನಕ್ಷೆಯಲ್ಲಿ ‘ಪಾರ್ಕಿಂಗ್’ ಎಂದು ತೋರಿಸಿ ಮಂಜೂರು ಮಾಡಿಸಿಕೊಂಡ ನೆಲಮಹಡಿ ಈಗ ಎಷ್ಟೋ ಕಡೆ ಪಿಜಿಯ ರೂಮು, ಗೋಡೌನು, ಬೇಕರಿ. ಅದು ನಕ್ಷೆ ಉಲ್ಲಂಘನೆ. ಒಳಗಿನ ಜಾಗ ಬಾಡಿಗೆಗೆ ಕೊಟ್ಟು ಕಾರನ್ನು ರಸ್ತೆಗೆ ತಳ್ಳಿದವರು ‘ಜಾಗವೇ ಇಲ್ಲ’ ಎಂದು ಸಭೆಯಲ್ಲಿ ಗಟ್ಟಿಯಾಗಿ ಹೇಳುವುದೂ ಉಂಟು. ಜಪಾನ್ ಈ ಗಂಟನ್ನು 1962ರ ಕಾನೂನಿನಿಂದ ಬಿಡಿಸಿತು. ಅಲ್ಲಿ ಮನೆಯಿಂದ ಎರಡು ಕಿಲೋಮೀಟರ್ ಒಳಗೆ ರಸ್ತೆಯ ಹೊರಗೆ ಕಾರು ನಿಲ್ಲಿಸುವ ಜಾಗವಿದೆ ಎಂದು ಪೊಲೀಸರಿಂದ ಪ್ರಮಾಣಪತ್ರ ತಂದವರಿಗೇ ಕಾರಿನ ನೋಂದಣಿ.

ತಪ್ಪು ಕಲ್ಪನೆ 7: ಇದೆಲ್ಲ ದುಡ್ಡು ಹೊಡೆಯುವ ದಂಧೆ

ಸತ್ಯ: ಹಾಗೆ ಆಗಲೇಬೇಕೆಂದಿಲ್ಲ, ಆದರೆ ಆಗದಂತೆ ನೋಡಿಕೊಳ್ಳುವ ಕೆಲಸ ನಮ್ಮದೇ. ರಸೀದಿ ಕೊಡದೆ ಹಣ ಕೀಳುವವರನ್ನು ಕಂಡ ನಗರದ ಜನರಿಗೆ ಅನುಮಾನ ಬಂದರೆ ಅವರನ್ನು ದೂರುವಂತಿಲ್ಲ.

ಬೇರೆಡೆ ಇದಕ್ಕೆ ಉತ್ತರ ಕಂಡುಕೊಂಡಿದ್ದಾರೆ. ಲಂಡನ್‌ನ ಬಾರ್ನೆಟ್ ಕೌನ್ಸಿಲ್ ನಿವಾಸಿ ಪರ್ಮಿಟ್ ದರವನ್ನು 40 ಪೌಂಡ್‌ನಿಂದ 100ಕ್ಕೂ, ನೆಂಟರ ವೋಚರ್ ದರವನ್ನು 1 ಪೌಂಡ್‌ನಿಂದ 4ಕ್ಕೂ ಏರಿಸಿತ್ತು. ನಿವಾಸಿಗಳು ಕೋರ್ಟಿಗೆ ಹೋದರು. ಬೇರೆ ಖರ್ಚಿಗೆ ಆದಾಯ ಮಾಡಿಕೊಳ್ಳಲು ಪಾರ್ಕಿಂಗ್ ಶುಲ್ಕ ಏರಿಸುವಂತಿಲ್ಲ ಎಂದು ಅಲ್ಲಿನ ಹೈಕೋರ್ಟ್ 2013ರಲ್ಲಿ ತೀರ್ಪಿತ್ತಿತು. ಕ್ಯಾಲಿಫೋರ್ನಿಯಾದ ಪ್ಯಾಸಡೀನಾದ ಕಥೆ ಇದಕ್ಕೆ ಇನ್ನೊಂದು ಮುಖ. ಅಲ್ಲಿನ ಹಳೇಪೇಟೆಯ ವರ್ತಕರು ಮೀಟರ್ ಬೇಡವೇ ಬೇಡ ಎಂದು ಕೂತಿದ್ದರು. ಬಂದ ಹಣವನ್ನು ಅದೇ ಪೇಟೆಯ ಪುಟ್‌ಪಾತ್, ದೀಪ, ಸ್ವಚ್ಛತೆಗೆ ಹಾಕುತ್ತೇವೆಂದು ನಗರಾಡಳಿತ ಮಾತು ಕೊಟ್ಟ ಮೇಲೆ ಒಪ್ಪಿದರು. 1993ರಲ್ಲಿ ಮೀಟರ್ ಬಂತು, ಪೇಟೆ ಚೇತರಿಸಿಕೊಂಡಿತು. ಬಿಟ್ಟಿ ಪಾರ್ಕಿಂಗ್‌ನ ವೆಚ್ಚದ ಬಗ್ಗೆ ಜೀವಮಾನವಿಡೀ ಬರೆದ ಅರ್ಥಶಾಸ್ತ್ರಜ್ಞ ಡೊನಾಲ್ಡ್ ಶೂಪ್ ಮತ್ತೆ ಮತ್ತೆ ಕೊಡುತ್ತಿದ್ದ ಉದಾಹರಣೆ ಇದು.

ತಪ್ಪು ಕಲ್ಪನೆ 8: ನಮ್ಮ ಸಂಘವೇ ಸ್ಟಿಕ್ಕರ್ ಹಂಚಿ ನಿಯಮ ಮಾಡಿಕೊಳ್ಳಬಹುದು

ಸತ್ಯ: ಸಂಘ ಮನವಿ ಕೊಡಬಹುದು, ಸಮೀಕ್ಷೆ ಮಾಡಬಹುದು, ಪಾಲಿಕೆಯ ಮೇಲೆ ಒತ್ತಡ ತರಬಹುದು. ಪಾಲಿಕೆಗೆ ಒಪ್ಪಿಸಿದ ಬಡಾವಣೆ ರಸ್ತೆ ಸಾರ್ವಜನಿಕರದ್ದು ಎಂದು ಕರ್ನಾಟಕ ಹೈಕೋರ್ಟ್ ಹೇಳಿದೆ. ಅಲ್ಲಿ ಗೇಟು ಹಾಕಿ ತಡೆಯುವುದಾಗಲಿ, ಸ್ಟಿಕ್ಕರ್ ಇಲ್ಲದ ಕಾರಿಗೆ ವಾಚ್‌ಮನ್ ಕೈಲಿ ದಂಡ ವಸೂಲಿ ಮಾಡಿಸುವುದಾಗಲಿ ಸಂಘದ ಕೈಲಿಲ್ಲ. ಕವರ್ ಹೊದ್ದು ಬಿದ್ದಿರುವ ಕಾರಿನ ವಿಷಯವೂ ಅಷ್ಟೆ. ಹತ್ತು ಗಂಟೆಗೂ ಹೆಚ್ಚು ಹೊತ್ತು ಯಾರೂ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಬಿಟ್ಟ ವಾಹನವನ್ನು ತೆಗೆಸುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 127ನೇ ಸೆಕ್ಷನ್ ಪ್ರಕಾರ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಯದ್ದು. ನಿಯಮ ಬರೆಯುವವರು ಪಾಲಿಕೆಯವರು, ಜಾರಿ ಮಾಡುವವರು ಪೊಲೀಸರು. ಇಬ್ಬರೂ ಒಟ್ಟಿಗೆ ಕೈಹಾಕದಿದ್ದರೆ ಪರ್ಮಿಟ್ ಬರೀ ಗಾಜಿಗಂಟಿಸಿದ ಚೀಟಿ.

ಅರ್ಧ ನಿಜವಾದ ಎರಡು ಮಾತು

‘ನಮ್ಮ ಬೀದಿಗೆ ಶುಲ್ಕ ಬಂದರೆ ಕಾರುಗಳು ಪಕ್ಕದ ಬೀದಿಗೆ ಹೋಗುತ್ತವೆ’ ಎಂಬುದು ನಿಜ. ಒಂದೇ ಬೀದಿಗೆ ನಿಯಮ ಮಾಡಿದರೆ ಹೀಗಾಗುವುದುಂಟು. ಬಿಡಿ ಬೀದಿಗಳ ಬದಲು ಇಡೀ ಪ್ರದೇಶಕ್ಕೆ ಒಂದು ಯೋಜನೆ ಎಂದು ನಮ್ಮ ನೀತಿ ಹೇಳುವುದು ಅದಕ್ಕೇ.

‘ಬಡವರಿಗೆ ಹೊರೆ’ ಎಂಬುದು ಸಾರಾಸಗಟಾಗಿ ನಿಜವಲ್ಲ. ಮನೆಗೆ ಮೂರು ಕಾರು ಇಟ್ಟವರು ಬಡವರ ಹೆಸರು ಹೇಳಿದರೆ ನಂಬಬೇಕಿಲ್ಲ. ಆದರೆ ಇಪ್ಪತ್ತು-ಮೂವತ್ತರ ಸೈಟಿನ ಮಹಡಿ ಮನೆಯಲ್ಲಿ ಬಾಡಿಗೆಗಿದ್ದು ಟ್ಯಾಕ್ಸಿ ಓಡಿಸುವವರಿಗೆ ಆ ಗಾಡಿಯೇ ಅನ್ನ. ಮಾಲೀಕರ ಸಹಿ ಇಲ್ಲದೆ ಪರ್ಮಿಟ್ ಇಲ್ಲ ಎಂದರೆ ಮೊದಲು ಕೈತಪ್ಪುವುದು ಅವರಿಗೆ. ಬಾಡಿಗೆದಾರರು, ಆಟೋ, ಟ್ಯಾಕ್ಸಿಯವರ ಲೆಕ್ಕ ಯೋಜನೆಯಲ್ಲಿ ಮೊದಲೇ ಬರಬೇಕು.

ಕೈಯೆತ್ತುವ ಮೊದಲು

ನಿಯಂತ್ರಣ ಬೇಕೋ ಬೇಡವೋ ಎಂದು ಸಭೆಯಲ್ಲಿ ಕೇಳುವುದೇ ತಪ್ಪು ಪ್ರಶ್ನೆ. ನಿಯಂತ್ರಣ ಈಗಲೂ ಇದೆ. ಮೊದಲು ಕುಂಡ ಇಟ್ಟವರು, ಜೋರು ಬಾಯಿಯವರು, ಒಳಗಿನ ಜಾಗವನ್ನು ಅಂಗಡಿ ಮಾಡಿಕೊಂಡವರು ಅದನ್ನು ನಡೆಸುತ್ತಿದ್ದಾರೆ. ಕಾರಿಲ್ಲದವರು, ನಡೆದು ಹೋಗುವ ಹಿರಿಯರು, ಶಾಲೆ ಮಕ್ಕಳು ಆ ಲೆಕ್ಕದಲ್ಲೇ ಇಲ್ಲ. ಆ ನಿಯಂತ್ರಣ ಬರೆದಿಟ್ಟ ನಿಯಮವಾಗಿ, ಎಲ್ಲರ ಕಣ್ಣೆದುರು ನಡೆಯಬೇಕೇ ಎಂಬುದೇ ಚರ್ಚೆಯಾಗಬೇಕಾದ ವಿಷಯ.

ಹಾಗಾಗಿ ಅಧಿಕಾರಿಗಳು ಬಂದಾಗ ಇಷ್ಟನ್ನು ಕೇಳಿ. ನಿಯಮ ಯಾವ ಗಂಟೆಯಿಂದ ಯಾವ ಗಂಟೆಯವರೆಗೆ? ಮನೆಗೆ ಎಷ್ಟು ಪರ್ಮಿಟ್, ಎರಡನೆಯದಕ್ಕೆ ದರ ಎಷ್ಟು? ಗೃಹಪ್ರವೇಶಕ್ಕೋ ಸೀಮಂತಕ್ಕೋ ಬರುವ ನೆಂಟರ ಗಾಡಿಗೆ ಏನು ವ್ಯವಸ್ಥೆ? ಬಾಡಿಗೆದಾರರು ಯಾವ ದಾಖಲೆ ಕೊಡಬೇಕು? ಬಂದ ಹಣದಲ್ಲಿ ಎಷ್ಟು ಪಾಲು ಇದೇ ವಾರ್ಡಿನ ಪುಟ್‌ಪಾತಿಗೆ, ಅದರ ಲೆಕ್ಕ ಎಲ್ಲಿ ಪ್ರಕಟವಾಗುತ್ತದೆ? ಆರು ತಿಂಗಳ ಪ್ರಯೋಗದ ನಂತರ ಮತ್ತೆ ನಿವಾಸಿಗಳನ್ನು ಕೇಳುತ್ತೀರಾ? ಉತ್ತರ ಬಾಯಿಮಾತಿನಲ್ಲಿ ಬಂದರೆ ಒಪ್ಪಬೇಡಿ. ಬರಹದಲ್ಲಿ ಬಂದರೆ ಓದಿ, ಆಮೇಲೆ ಕೈಯೆತ್ತಿ.